ಬಸಲಿಂಗವ್ವನ ತಂಬಿಗೆ

ಹಾಲೆಂಡಿನಿಂದ ಹಳ್ಳಿಗೆ ಆರೋಗ್ಯ ಸೇವೆಗೆಂದು ಬಂದ ವಿದ್ಯಾರ್ಥಿನಿ ಅನ್ನಿಕಾ ವಾರದಲ್ಲಿ ಹೊರಡಬೇಕಿತ್ತು. ಅವಳ ವರದಿಯಲ್ಲಿ ಒಂದು ಸಾಲು ಮಾತ್ರ ಇನ್ನೂ ಖಾಲಿ: ಭೇದಿಯಾದಾಗ ಸಕ್ಕರೆ-ಉಪ್ಪಿನ ನೀರನ್ನು ತಾವೇ ಮಾಡಿ ಕುಡಿಸಿದವರ ಹೆಸರು, ಕುಡಿದು ಗುಣವಾದವರ ಹೆಸರು. ಅದು ತುಂಬದಿದ್ದರೆ ಕಾಲೇಜಿನವರು ಪಾಸು ಮಾಡುವುದಿಲ್ಲ.

ತಿಂಗಳಿಡೀ ಅವಳು ಓಣಿ ಓಣಿಯಲ್ಲಿ ಆ ನೀರನ್ನು ಮಾಡಿ ತೋರಿಸಿದ್ದಳು. ಹೆಂಗಸರು ನಕ್ಕು ಎದ್ದು ಹೋಗುತ್ತಿದ್ದರು.

"ನಾನು ತಪ್ಪು ಹೇಳಿದೆ?" ಎಂದು ಹರಕುಮುರುಕು ಕನ್ನಡದಲ್ಲಿ ಆಶಾ ಕಾರ್ಯಕರ್ತೆ ನೀಲವ್ವನನ್ನು ಕೇಳಿದಳು.

ಕಟ್ಟೆಯ ಮೇಲೆ ಹೆಂಗಸರ ನಡುವೆ ಕೂತಿದ್ದ ಓಣಿಯ ಹಿರಿಯಳು ಬಸಲಿಂಗವ್ವನೇ ಬಾಯಿ ಹಾಕಿದಳು. "ನಮ್ಮನಿ ನೀರು ಮುಟ್ಟಲಾರದಾಕಿ ಮಾತು ನಾವ್ಯಾಕ ಕೇಳಬೇಕವ್ವ? ತಂಬಗಿ ಹಿಡದ್ರ ಬಾಟ್ಲಿ ತೋರಸ್ತಾಳ!"

ನೀಲವ್ವ ಅದನ್ನು ಬಿಡಿಸಿ ಹೇಳಬಾರದಿತ್ತು, ಹೇಳಿಬಿಟ್ಟಳು. ಅನ್ನಿಕಾ ತನ್ನ ಬಾಟಲಿ ಕೆಳಗಿಟ್ಟು ಬಸಲಿಂಗವ್ವನ ಪಕ್ಕದಲ್ಲಿದ್ದ ನೀರಿನ ತಂಬಿಗೆ ಎತ್ತಿದಳು.

"ಬ್ಯಾಡ್ರಿ!" ಎಂದು ನೀಲವ್ವ ಕೂಗುವಷ್ಟರಲ್ಲಿ ಅದು ಬರಿದಾಗಿತ್ತು. ಕಟ್ಟೆಯ ತುಂಬ ಚಪ್ಪಾಳೆ.

ಮರುದಿನ ಅನ್ನಿಕಾಗೆ ಏಳಲಾಗದಂಥ ಭೇದಿ. ತನ್ನ ಕೆಲಸ ಹೋಯಿತೆಂದೇ ನೀಲವ್ವ ಏದುಸಿರು ಬಿಡುತ್ತ ಓಡಿ ಬಂದರೆ, ಬಸಲಿಂಗವ್ವ ಆಗಲೇ ಹಾಸಿಗೆಯ ಪಕ್ಕ ಲೋಟ ಹಿಡಿದು ಕೂತಿದ್ದಳು.

"ಲೀಟರ್ ನೀರು ಕುದಿಸಿ ಆರಿಸೀನಿ. ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಗುಟುಕು ಗುಟುಕು ಕುಡಿ ಮಗಳ. ಹಂಗ್ಯಾಕ ನೋಡ್ತಿ? ನೀನ ಹೇಳಿದ್ದಲ್ಲ!"

ಎರಡು ದಿನಕ್ಕೆ ಎದ್ದು ಕೂತ ಅನ್ನಿಕಾ ಮೊದಲು ವರದಿಯ ಹಾಳೆ ಕೇಳಿದಳು. ಕುಡಿಸಿದವರ ಜಾಗದಲ್ಲಿ ಬಸಲಿಂಗವ್ವನ ಹೆಸರು ಬರೆದು, ಗುಣವಾದವರ ಜಾಗದಲ್ಲಿ ತನ್ನ ಹೆಸರು ಬರೆದಳು.