ದ್ಯಾಮಣ್ಣ ಮಾತಾಡಿದ ಕುಶನ್

ಫೋಮ್ ಉಬ್ಬುವಾಗ ಕೇಳಿದ ಮಾತನ್ನು ನುಂಗಿಕೊಳ್ಳುತ್ತದೆ, ಮೇಲೆ ಕೂತಾಗ ಹೊರಗೆ ಬಿಡುತ್ತದೆ. ಅದಕ್ಕೇ ಫೋಮ್ ಕಾರ್ಖಾನೆಯ ನಾವು ಎರಡು ದ್ರವ ಬೆರೆಸಿ ಉಬ್ಬಿಸುವಾಗ ಬಾಯಿಗೆ ಬಟ್ಟೆ ಕಟ್ಟುತ್ತೇವೆ. ನಾನು ಸುರಿದದ್ದು ಹತ್ತು ಲಕ್ಷ ಹಾಸಿಗೆ. ಒಂದರಲ್ಲೂ ನನ್ನ ಸೀನಿಲ್ಲ. ಇಡೀ ಹುಬ್ಬಳ್ಳಿ ಮಲಗುವುದೇ ನನ್ನ ಮೌನದ ಮೇಲೆ!

ಜೊತೆಗಾರ ದ್ಯಾಮಣ್ಣ ಮಾತ್ರ, ಬುತ್ತಿ ತಂದ ಹೆಂಡತಿ ಫಕೀರವ್ವನನ್ನು ಕಂಡು ಸುರಿಯುತ್ತಲೇ ಮಾತಾಡಿಬಿಟ್ಟಿದ್ದ. ಬೈದು, ಆ ಕುಶನ್ ಅವನಿಗೇ ಕೊಟ್ಟಿದ್ದೆ.

ಅವನು ತೀರಿಕೊಂಡ ಮೇಲೆ ಫಕೀರವ್ವ ಅದನ್ನು ತಂದಳು, ಪುಡಿಪುಡಿಯಾಗಿತ್ತು.

"ಅಣ್ಣಾರ, 'ಚಾ ಕುಡದೀಯೇನ?' ಅಂತ ಕೇಳ್ತಿತ್ತು. ಈಗ ಬರೇ ಉಸ್ ಅಂತೈತ್ರಿ."

ಆ ಪುಡಿಯನ್ನೇ ಹೊಸ ದ್ರವಕ್ಕೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಉಬ್ಬಿಸಿದೆ. ಅವಳು ಮೆಲ್ಲಗೆ ಕೂತಳು.

"ಚಾ ಕುಡದೀಯೇನ?" ಎಂದಿತು ಕುಶನ್. ಹಿಂದೆಯೇ ಯಾರೋ ಬಿಕ್ಕಿದ ಸದ್ದು.

"ಅತ್ತವರು ಯಾರ್ರಿ?"

"ಮಷೀನು, ತಂಗೆವ್ವಾ. ಹಳೇದಾಗೈತಿ," ಎಂದು ಬಾಯಿಬಟ್ಟೆಯಲ್ಲೇ ಮೂಗು ಒರೆಸಿಕೊಂಡೆ.