ಪಕ್ಕದ ಮಂಚದ ಚೊಂಬು

ಸೋಡಾ ಅಂಗಡಿ ಚಂದ್ರಮೌಳಿಯವರು ಊರಿಗೆಲ್ಲ ತಂಪು ಕುಡಿಸಿದವರು... ಈಗ ಅವರಿಗೇ ಗುಟುಕು ಲೆಕ್ಕ.

ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಸಿ ಹೊರಹಾಕುವವರಿಲ್ಲದೆ, ಕುಡಿದ ನೀರೆಲ್ಲ ಮೈಯಲ್ಲೇ ನಿಂತು ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು.

ಅಂದಿನಿಂದ ಮನೆಯಲ್ಲಿ ಒಂದೇ ಕಟ್ಟಪ್ಪಣೆ... "ನನ್ನ ಕಣ್ಣೆದುರಿಗೆ ಯಾರೂ ನೀರು ಕುಡಿಯಕೂಡದು!"

ಆದರೆ ಡಯಾಲಿಸಿಸ್ ವಾರ್ಡಿನಲ್ಲಿ ಅವರ ಅಪ್ಪಣೆ ನಡೆಯಬೇಕಲ್ಲ?

ಪಕ್ಕದ ಮಂಚದ ತಿಪ್ಪೇಶಪ್ಪ ಆಗಾಗ ಸ್ಟೀಲ್ ಚೊಂಬು ಎತ್ತಿ, ಗಂಟಲು ಕುಣಿಸಿ, "ಆಹಾ..." ಎನ್ನುತ್ತಿದ್ದ. ಬದಿಗೆ ಕೂತ ಹೆಂಡತಿ ಹಾಲಮ್ಮನೂ ತನ್ನ ಬಾಟಲಿ ಎತ್ತುತ್ತಿದ್ದಳು.

ಚಂದ್ರಮೌಳಿಯವರ ಹೊಟ್ಟೆಯಲ್ಲಿ ಬೆಂಕಿ! "ಏನಪ್ಪಾ, ಕೆರೆ ಖಾಲಿ ಮಾಡೋಕೆ ಬಂದಿದ್ದೀಯಾ?"

"ಹ್ಞೂಂ ಸಾವ್ಕಾರ್ರೇ, ಸಾಲ್ದಿದ್ರೆ ನಿಮ್ ಸೋಡಾ ಕಳ್ಸಿ!"

ಅದಕ್ಕಿಂತ ಉರಿ ಎಂದರೆ, ಮೈಯಲ್ಲಿ ನಿಂತ ನೀರಿನ ಗುಟ್ಟು ಹೇಳುವ ತೂಕದ ಯಂತ್ರ. ಬಾಯಿ ಕಟ್ಟಿದ ಇವರ ತೂಕ ಏರಿರುತ್ತಿತ್ತು. ಅವನದು ಅಷ್ಟಾಗಿ ಏರುತ್ತಲೇ ಇರಲಿಲ್ಲ. "ತಿಪ್ಪೇಶಪ್ಪನ್ನ ನೋಡಿ ಕಲೀರಿ ಸರ್" ಎಂದಳು ನರ್ಸ್.

ಶಿವನೇ, ನಿನ್ನಲ್ಲೂ ಪಕ್ಷಪಾತವೇ...?

ಒಂದು ದಿನ ಹಾಲಮ್ಮ ಹೊರಗೆ ಹೋಗಿದ್ದಳು. ತಿಪ್ಪೇಶಪ್ಪ ಕಣ್ಣು ಮುಚ್ಚಿದ್ದ. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡಿದ್ದ ಚಂದ್ರಮೌಳಿ, ಇನ್ನೊಂದು ಕೈ ಚಾಚಿ ಚೊಂಬನ್ನು ಎಳೆದುಕೊಂಡರು. ಒಂದೇ ಗುಟುಕು...

ಬಾಯಿಗೆ ಬಗ್ಗಿಸಿದರು. ಒಂದು ಹನಿಯೂ ಇಲ್ಲ!

"ಅದ್ರಾಗೆ ಯಾವತ್ತೂ ನೀರಿಲ್ಲ ಸಾವ್ಕಾರ್ರೇ..." ತಿಪ್ಪೇಶಪ್ಪ ಕಣ್ಣು ತೆರೆದಿದ್ದ. "ನಾನು ಕುಡಿಯಂಗಿಲ್ಲ ಅಂತ ಇವ್ಳೂ ನೀರು ಬಿಟ್ಟಿದ್ಲು. ಕಿಡ್ನಿಯಾಗೆ ಕಲ್ಲಾಗಿ ಒದ್ದಾಡಿಬಿಟ್ಲು. ಡಾಕ್ಟ್ರು ನಂಗೆ ಜಾಸ್ತಿ ಕುಡಿ ಅಂದವ್ರೆ ಅಂತ ಸುಳ್ಳು ಹೇಳೀನಿ. ನಾನು ಚೊಂಬೆತ್ತಿದ್ರೇನೇ ಅವ್ಳು ಕುಡಿಯೋದು... ಹೇಳ್ಬಿಟ್ಟೀರಾ ಮತ್ತೆ!"

ಚಂದ್ರಮೌಳಿಯವರು ಚೊಂಬನ್ನು ಮೆಲ್ಲಗೆ ಅದರ ಜಾಗದಲ್ಲೇ ಇಟ್ಟರು.

ಅಷ್ಟರಲ್ಲಿ ಬಿಸಿಲಿನಲ್ಲಿ ಮಾತ್ರೆ ತರಲು ಹೋಗಿದ್ದ ಮಗಳು ಮಂದಾಕಿನಿ ಬಂದಳು. ಅವಳ ತುಟಿ ಒಣಗಿ ಒಡೆದಿತ್ತು... ಇಷ್ಟು ದಿನ ಅದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಬ್ಯಾಗಲ್ಲಿ ನೀರಿದೆಯೇನಮ್ಮಾ?"

ಅವಳು ಬೆದರಿದಳು. "ಇದೆ ಅಪ್ಪಾಜಿ... ನಾನು ಹೊರಗೇ ಕುಡಿತೀನಿ."

"ಇಲ್ಲೇ ಕುಡಿ ಮಗಳೇ. ನಾನು ನೋಡ್ಬೇಕು."

ಅವಳು ಗಟಗಟನೆ ಕುಡಿದಳು. ಚಂದ್ರಮೌಳಿಯವರ ಗಂಟಲು ಒಣಗಿಯೇ ಇತ್ತು... ಕಣ್ಣು ಮಾತ್ರ ತುಂಬಿ ಹರಿಯಿತು.

ತನ್ನ ದಾಹ ತೀರದಿದ್ದರೂ ತನ್ನವರ ದಾಹ ತೀರಲಿ ಎನ್ನುವುದೇ ಪ್ರೀತಿ.

ನಿಮ್ಮ ಮುನಿಸಿಗೆ ಹೆದರಿ, ನಿಮ್ಮ ಮನೆಯಲ್ಲಿ ಯಾರು ಯಾವ ಸುಖವನ್ನು ಬಚ್ಚಿಟ್ಟುಕೊಂಡಿದ್ದಾರೆ...?