ಹುಬ್ಬಳ್ಳಿಯಿಂದ ಮೈಸೂರಿಗೆ

ನೆಲ ಹಿಗ್ಗಲು ಶುರುವಾಗಿ ಹಲವು ವರ್ಷಗಳಾಗಿದ್ದವು. ಊರು ಊರುಗಳ ನಡುವಿನ ದೂರ ಬೆಳೆಯುತ್ತಲೇ ಇತ್ತು. ಮಹಾನಂದಾಳ ತಂಗಿ ಶಶಿಕಲಾ ಮದುವೆಯಾಗಿ ಮೈಸೂರಿಗೆ ಹೋದಾಗ ಹುಬ್ಬಳ್ಳಿಯಿಂದ ವಿಮಾನಕ್ಕೆ ಒಂದು ತಾಸು ಸಾಕಾಗಿತ್ತು. ಈಗ ಎರಡು ದಿನ ಬೇಕು, ವಿಮಾನವೂ ತಿಂಗಳಿಗೊಮ್ಮೆ.

ಶಶಿಕಲಾಳ ಕಾಯಿಲೆ ಕೈಮೀರಿದೆ, ಹೆಚ್ಚೆಂದರೆ ಎರಡು ದಿನ ಎಂಬ ಸುದ್ದಿ ಬಂದಾಗ, ಪುಣ್ಯಕ್ಕೆ, ಅಂದೇ ವಿಮಾನವಿತ್ತು. ಮಹಾನಂದಾ ಉಟ್ಟ ಸೀರೆಯಲ್ಲೇ ನಿಲ್ದಾಣಕ್ಕೆ ಓಡಿ ಬಂದಳು.

ಕೌಂಟರಿನ ಹುಡುಗಿ ಹವಾಮಾನ ಹೇಳುವಂತೆ ಹೇಳಿದಳು, "ನಿನ್ನಿಯಿಂದ ನೆಲ ಮತ್ತ ಹಿಗ್ಗೇತ್ರಿ ಅಕ್ಕಾರ. ಮುಟ್ಟಾಕ ಮೂರು ದಿನ ಆಗ್ತೈತಿ."

"ಹಾರೂವಾಗ ಫೋನ್ ಹತ್ತತೈತೇನವಾ?"

"ಇಲ್ರಿ."

ಮಹಾನಂದಾ ಪಕ್ಕಕ್ಕೆ ಸರಿದು ತಂಗಿಗೆ ಫೋನ್ ಮಾಡಿದಳು.

"ವಿಮಾನ ಹತ್ತಿದೇನಕ್ಕಾ?" ಶಶಿಕಲಾಳ ದನಿ ಸೋತಿತ್ತು.

"ಹತ್ತಿದ್ರ ಮೂರು ದಿನ ಆಗ್ತೈತಂತ ತಂಗೀ. ಮಾತೂ ಇರೂದಿಲ್ಲ."

"ಹಂಗಾದ್ರ ಬರಬ್ಯಾಡ. ಅಲ್ಲೇ ಕುಂತು ಮಾತಾಡು. ನನಗ ಅಂಜಿಕಿ ಆಗೇತಿ."

ಮಹಾನಂದಾ ಟಿಕೆಟ್ ಬಿಟ್ಟುಕೊಟ್ಟು ಅಲ್ಲಿಯೇ ಕುರ್ಚಿಯಲ್ಲಿ ಕುಳಿತಳು. ಗಾಜಿನಾಚೆ ವಿಮಾನ ಮೇಲೇರಿತು. ಒಂದೇ ಸೈಕಲ್ಲಿನಲ್ಲಿ ಇಬ್ಬರೂ ಉಣಕಲ್ ಕೆರೆಗೆ ಹೋಗಿ ಏರಿಯ ಮೇಲೆ ಬಿದ್ದದ್ದನ್ನು ಹೇಳಿದಳು. ತಂಗಿ ಸಣ್ಣಗೆ ನಕ್ಕಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ನಗು ನಿಂತು ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಶಶಿಕಲಾಳ ಗಂಡ ಫೋನ್ ತೆಗೆದುಕೊಂಡ.

"ಸಾಕು ಅಕ್ಕ, ಅವಳು ಹೋಗ್ಬಿಟ್ಳು."

"ಗೊತ್ತಾತು," ಎಂದಳು ಮಹಾನಂದಾ. "ಇನ್ನೊಂದಿಷ್ಟು ಹೇಳೂದೈತಿ. ಆಕಿ ಕಿವಿಗೇ ಹಿಡೀರಿ."